ಪಾಲುಪಟ್ಟಿ

ಬೈತಖೋಲದ ಗುಡ್ಡದಿಂದಿಳಿದ ಮುಸುವ
ಬಂದರಿನ ಟ್ರಾನ್ಸ್‌ಫಾರ್ಮರಿನ ಎರಡು ತಂತಿಯನ್ನು
ಒಂದೇ ಸಲ ಹಿಡಿದಿತ್ತು.
ಲೈನ್‌ಮನ್ ಪುಂಡಲೀಕ ತಳೇಕರ ಕರೆಂಟು ತೆಗೆದು,
ಮೊದಲು ಕೈ ಮುಗಿದು, ಆಮೇಲೆ ಹಗ್ಗ ಕಟ್ಟಿ ಇಳಿಸಿದ.
ಬರ್ಫದ ಕಾರ್ಖಾನೆಯವರು ಒಂದು ಹಲಗೆ ಕೊಟ್ಟರು,
ಮೀನಿನ ಹೆಂಗಸರು ಮುಡಿಯಿಂದ ಅಬ್ಬಲಿಗೆ.

ಜನ ಸೇರಿದ್ದಾರೆ, ನೋಡಿ ಬಾ ಎಂದಿದ್ದರು ಸಾಹೇಬರು.
ಇಪ್ಪತ್ತೊಂಬತ್ತು ವರ್ಷ ನನ್ನದು ಒಂದೇ ಕಸುಬು:
ಸತ್ತವರ, ಕದ್ದವರ, ಕದ್ದಿಲ್ಲವೆಂದವರ
ಬೆರಳು ಹಿಡಿದು ಮಸಿಯ ಮೇಲೆ ಹೊರಳಿಸಿ
ಬಿಳಿ ಹಾಳೆಗೆ ಒತ್ತುವುದು.
ಪೆಟ್ಟಿಗೆ ಹೆಗಲಲ್ಲೇ ಇತ್ತು.
ಯಾಕೆ ತೆರೆದೆನೋ, ಕೇಳಬೇಡಿ.
ಜನ ತೆಂಗಿನಕಾಯಿ ತರಲೆಂದು ಅತ್ತ ಹೋದಾಗ
ಇನ್ನೂ ಬಿಸಿಯಿದ್ದ ಬೆರಳು ಬಿಡಿಸಿ, ಒರೆಸಿ, ಹೊರಳಿಸಿದೆ.

ಸುಳಿ.
ಪಕ್ಕದ್ದರಲ್ಲಿ ಕುಣಿಕೆ.
ಭೂತಗನ್ನಡಿಯಲ್ಲಿ ಗೆರೆ ಕವಲೊಡೆಯುವ ಜಾಗ,
ಗೆರೆ ಸುಮ್ಮನೆ ಮುಗಿದುಹೋಗುವ ಜಾಗ,
ಕೋರ್ಟಿನಲ್ಲಿ ನಾನು ಕಡ್ಡಿಯಿಟ್ಟು ತೋರಿಸುವಂಥವೇ.
ಹೆಬ್ಬೆಟ್ಟು ಮಾತ್ರ ಮೋಟು,
ಹಾಳೆಯಲ್ಲೊಂದು ಹುಣಸೆಬೀಜ.

ನಮೂನೆಯಲ್ಲಿ ಖಾನೆಗಳಿವೆ.
ಹೆಸರು: ಖಾಲಿ ಬಿಟ್ಟೆ.
ತಂದೆಯ ಹೆಸರು: ಪೆನ್ನು ನಿಂತಿತು.
ನನ್ನದಾದರೂ ಎಷ್ಟು ದೂರ ಬರೆದೇನು?
ಅಪ್ಪ ವಿಠೋಬ, ಅವನಪ್ಪ ಸೋಯ್ರು,
ಅವನಪ್ಪ ಯಾರೋ ರಂಪಣಿ ಎಳೆಯುತ್ತಿದ್ದವ,
ಅಲ್ಲಿಗೆ ಹಗ್ಗ ತೀರಿತು.

ಕೈಗವಸು ಕಳಚುತ್ತ ಡಾಕ್ಟರ್ ಲೂಯಿಜಾ ಪಿಂಟೊ ಅಂದರು:
ಮಂಗನಿಂದ ಮಾನವ ಅನ್ನೋದು ಸರಿಯಲ್ಲ ಮಾರಾಯ್ರೇ,
ಇದು ನಿಮ್ಮ ಅಜ್ಜನಲ್ಲ, ದಾಯಾದಿ.
ಬೇರೆಯಾಗಿ ಎರಡೂವರೆ ಕೋಟಿ ವರ್ಷ ಆಯ್ತು, ಹೆಚ್ಚುಕಡಿಮೆ.

ದಾಯಾದಿ!
ಸ್ಟೇಷನ್ನಿನಲ್ಲಿ ಆ ಪದಕ್ಕೆ ಬೇರೆ ಕಪಾಟೇ ಇದೆ:
ಬೇಲಿ, ಬಾವಿ, ಕತ್ತಿ, ತಲೆ.
ಹಾಗಾದರೆ ಯಾವುದೋ ಮರದಡಿ ಪಾಲುಪಟ್ಟಿ ಆಗಿರಬೇಕು
ಸಾಕ್ಷಿಯಿಲ್ಲದೆ, ಛಾಪಾ ಕಾಗದವಿಲ್ಲದೆ.
ಬಾಲ ಅವರಿಗೆ,
ಕೊಂಬೆಗೂ ಕೊಂಬೆಗೂ ನಡುವಿನ ಗಾಳಿ ಅವರಿಗೆ.
ನಮಗೆ ಉದ್ದನೆಯ ಹೆಬ್ಬೆಟ್ಟು, ಮಂಡಿನೋವು, ಮಾತು,
ಮಾತಿನ ಬೆನ್ನಿಗೇ ಬಂದ ಈ ಠಾಣೆ.
(ಬಾಲವನ್ನು ನಾವು ಪೂರ್ತಿ ಬಿಟ್ಟುಕೊಟ್ಟಿಲ್ಲ.
ಹೋದ ಮಳೆಗಾಲ ಜೆಟ್ಟಿಯ ಪಾಚಿಯಲ್ಲಿ ಜಾರಿ ಕೂತಾಗ
ಎಕ್ಸ್‌ರೇಯಲ್ಲಿ ಕಂಡಿತ್ತು,
ಕದ್ದು ಮಡಚಿಟ್ಟ ನಾಲ್ಕು ತುಣುಕು.)

ಪಾಲಾಗದೆ ಉಳಿದದ್ದೂ ಇದೆ:
ಹಾವೆಂದರೆ ನೆಟ್ಟಗಾಗುವ ಮೈಕೂದಲು,
ಮಕ್ಕಳ ತಲೆಯಲ್ಲಿ ಹೇನು ಹುಡುಕುವ ಮಧ್ಯಾಹ್ನ,
ಬೀಳುವಾಗ ಗಪ್ಪನೆ ಮುಚ್ಚುವ ಮುಷ್ಟಿ.
ಆ ಮುಷ್ಟಿಯೇ ತಂತಿ ಬಿಡಲಿಲ್ಲ.

ಅಜ್ಜಿ ಶೇವಂತಿ ನೆನಪಾದಳು.
ನೌಕಾನೆಲೆಗೆ ಊರು ಬಿಟ್ಟುಕೊಟ್ಟ ವರ್ಷ
ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು, ಮೂರು ಸಲ.
ಅರವತ್ತು ವರ್ಷದ ಉಪ್ಪು, ಹುರುಪೆ, ಹಗ್ಗ
ಗೆರೆಯನ್ನೆಲ್ಲ ತೇದು ತಿಂದಿದ್ದವು.
ಹಾಳೆಯಲ್ಲಿ ಬರೀ ಒಂದು ಕಪ್ಪು ಕಲೆ.
ಇದು ಮನುಷ್ಯರ ಬೆರಳೇನಜ್ಜೀ? ನಕ್ಕಿದ್ದ ಗುಮಾಸ್ತ.
ಅಜ್ಜಿಯೂ ನಕ್ಕಳು.
ಹೈಸ್ಕೂಲಿನ ಚಡ್ಡಿಯಲ್ಲಿ ಪಕ್ಕಕ್ಕೆ ನಿಂತಿದ್ದ ನನಗೆ ನಗು ಬರಲಿಲ್ಲ.

ಸಂಜೆ ಗುಡ್ಡದ ಬುಡದಲ್ಲಿ ಹೂಳಿದರು.
ಮೇಲೆ ಹಿಂಡು ಕೂತಿತ್ತು, ಒಂದೂ ಕೂಗದೆ.
ಹಾಳೆಯನ್ನು ಕಡತಕ್ಕೆ ಸೇರಿಸುವಂತಿರಲಿಲ್ಲ,
ಹರಿಯಲೂ ಆಗಲಿಲ್ಲ.
ಅಜ್ಜಿಯ ಕಾಗದದ ನಕಲಿದ್ದ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟೆ.

ಸೀಮೆಎಣ್ಣೆಗೂ ಮಸಿ ಪೂರ್ತಿ ಹೋಗಲಿಲ್ಲ.
ಚಹಾದ ಲೋಟದ ಮೇಲೆ, ಬಾಗಿಲಿನ ಅಗುಳಿಯ ಮೇಲೆ,
ಮಲಗಿದ ಮಗಳ ಹಣೆಯ ಮೇಲೆ ಸುಳಿ.
ದೀಪ ಹತ್ತಿರ ಹಿಡಿದು ಹೆಂಡತಿ ಕೇಳಿದಳು,
ಯಾರದ್ರೀ ಈ ಬೆರಳು?